ಹಳೆಯ ದೊಡ್ಡ ಗಾಡಿಯ ಹಲ್ಲು ಎಣಿಸಿ ಕೊಳ್ಳಿರಿ

ಎತ್ತು ಕೊಳ್ಳಲು ಸಂತೆಗೆ ಹೋದ ಒಕ್ಕಲಿಗನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಹೆಗಲ ಮೇಲೆ ನೊಗದ ಹುಣ್ಣು ಇದೆಯೇ ಎಂದು ಕೈಯಾಡಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ಕಾಲು ಎಳೆಯುತ್ತದೆಯೋ ಎಂದು ಹಿಂದಿನಿಂದಲೂ ಮುಂದಿನಿಂದಲೂ ನೋಡುತ್ತಾನೆ. ಇಷ್ಟು ಜಾಣನಾದ ಅದೇ ಒಕ್ಕಲಿಗನು ಎರಡು ಲಕ್ಷ ರೂಪಾಯಿ ಎಣಿಸಿ ಹಳೆಯ ಮೋಟಾರು ಗಾಡಿ ಕೊಳ್ಳುವಾಗ ಮಾತ್ರ ಬಣ್ಣ ನೋಡಿ, ಸೀಟಿನ ಬಟ್ಟೆ ನೋಡಿ, ಹಾಡಿನ ಪೆಟ್ಟಿಗೆಯ ಸದ್ದು ಕೇಳಿ ಒಪ್ಪಿಬಿಡುತ್ತಾನೆ. ಗಾಡಿಗೂ ಹಲ್ಲುಂಟು, ಹೆಗಲುಂಟು, ಎಳೆಯುವ ಕಾಲುಂಟು ಎಂಬುದನ್ನು ಕೊಂಡು ಆರು ತಿಂಗಳಾದ ಮೇಲೆ ಮಿಸ್ತ್ರಿಯ ಅಂಗಳದಲ್ಲಿ ನಿಂತು ಕಲಿಯುತ್ತಾನೆ. ಆ ಪಾಠಕ್ಕೆ ತೆರುವ ಶುಲ್ಕ ಬಹಳ ದೊಡ್ಡದು. ಅದನ್ನು ತೆತ್ತವರಲ್ಲಿ ನಾವೂ ಒಬ್ಬರಾದ್ದರಿಂದ ಈ ವಾರ ಬೆಳೆಯ ಮಾತನ್ನು ಬದಿಗಿಟ್ಟು ಗಾಡಿಯ ಮಾತನ್ನು ಎತ್ತಿಕೊಂಡಿದ್ದೇವೆ.

ಗದ್ವಾಲಿನ ರೈತನಿಗೆ ದೊಡ್ಡ ಗಾಡಿ ಏಕೆ ಬೇಕು, ಇದು ಬರಿಯ ಡೌಲಲ್ಲವೇ ಎಂದು ಪಟ್ಟಣದವರು ಕೇಳಬಹುದು. ಡೌಲು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅಗತ್ಯವೂ ಉಂಟು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನಡಿಗಡ್ಡೆಯಲ್ಲಿ ಗಟ್ಟು, ಧರೂರು, ಮಲ್ದಕಲ್, ಐಜ, ಕಾಲೂರು ತಿಮ್ಮನದೊಡ್ಡಿಗಳ ಕಡೆಯ ಹಳ್ಳಿಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ಪೇಟೆಗೆ ಹೋಗಲು ಬಸ್ಸು ಸಿಗುವುದಿಲ್ಲ. ಇಲ್ಲಿಯ ಮುಖ್ಯ ಬೇಸಾಯ ಹತ್ತಿಯ ಬೀಜೋತ್ಪಾದನೆ. ಹಿಂದಿನ ದಿನ ಮೊಗ್ಗಿನ ಗಂಡುಭಾಗ ತೆಗೆದು ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಆಳುಗಳು ಹೊತ್ತಿಗೆ ಸರಿಯಾಗಿ ಹೊಲ ಮುಟ್ಟಲೇಬೇಕು. ಹೂವು ಯಾರಿಗಾಗಿಯೂ ಕಾಯುವುದಿಲ್ಲ. ಬಾಣಂತನಕ್ಕೆ, ದೊಡ್ಡ ಕಾಯಿಲೆಗೆ ಅನೇಕರು ರಾಯಚೂರಿಗೋ ಕರ್ನೂಲಿಗೋ ಓಡುತ್ತಾರೆ. ಮಲ್ದಕಲ್ ತಿಮ್ಮಪ್ಪನ ಜಾತ್ರೆಗೆ ಮನೆಮಂದಿಯೆಲ್ಲ ಹೊರಡುತ್ತಾರೆ. ಕೃಷ್ಣೆಯ ಆಚೆಗೆ ಮಕ್ತಲ್, ನಾರಾಯಣಪೇಟೆಯ ಕಡೆಯ ನಮ್ಮವರ ಪಾಡೂ ಇದೇ. ಹೊಸದನ್ನು ಕೊಳ್ಳಲು ಶಕ್ತಿ ಸಾಲದವನು ಹಳೆಯದನ್ನು ಕೊಳ್ಳುತ್ತಾನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಮ್ಮ ರಸ್ತೆಗಳಲ್ಲಿ ಓಡುವ ಹಳೆಯ ದೊಡ್ಡ ಗಾಡಿಗಳು ಯಾವುವೆಂಬುದು ವಾಚಕರಿಗೆ ಗೊತ್ತೇ ಇದೆ. ೧೯೯೪ರಲ್ಲಿ ಬಂದ ಟಾಟಾ ಸುಮೋ, ೧೯೯೮ರಲ್ಲಿ ಬಂದ ಸಫಾರಿ, ೨೦೦೦ದಲ್ಲಿ ಬಂದ ಮಹೀಂದ್ರ ಬೊಲೆರೊ ಮತ್ತು ಟೊಯೋಟ ಕ್ವಾಲಿಸ್, ೨೦೦೨ರಲ್ಲಿ ಬಂದ ಸ್ಕಾರ್ಪಿಯೊ, ೨೦೦೫ರಲ್ಲಿ ಬಂದ ಇನ್ನೋವಾ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಕ್ವಾಲಿಸ್ ೨೦೦೫ರ ಹೊತ್ತಿಗೆ, ಸುಮೋ ೨೦೧೯ರಲ್ಲಿ ತಯಾರಿಕೆ ನಿಲ್ಲಿಸಿದವು. ಆದರೂ ಇವು ಇನ್ನೂ ಓಡುತ್ತಿರುವುದಕ್ಕೆ ಕಾರಣವುಂಟು. ಇವೆಲ್ಲ ಬಂಡಿಯ ಮೂಕಿಯಂತೆ ಉದ್ದನೆಯ ಉಕ್ಕಿನ ಚಾಸಿಯ ಮೇಲೆ ಮೈ ಕೂಡಿಸಿ, ಹಿಂದಿನ ಗಾಲಿಗಳಿಗೆ ಬಲ ಕೊಟ್ಟು ಕಟ್ಟಿದ ಗಾಡಿಗಳು. ಹೊಲದ ದಾರಿಗೆ ಹೆದರುವುದಿಲ್ಲ. ಗಟ್ಟಿಯಾದುದು ಕೆಡುವುದಿಲ್ಲ ಎಂದು ಜನ ತಿಳಿದಿರುವುದೇ ತಪ್ಪಿನ ಮೂಲ. ಗಟ್ಟಿಯಾದುದು ತಡವಾಗಿ ಕೆಡುತ್ತದೆ. ಕೆಟ್ಟಾಗ ದೊಡ್ಡದಾಗಿ ಕೆಡುತ್ತದೆ.

ಮುನ್ನೂರು ರೂಪಾಯಿಯ ಪೈಪು

ನಾವು ೨೦೧೯ರ ಸಂಕ್ರಾಂತಿಯ ಮುಂದೆ ಒಂಬತ್ತು ಆಸನದ ಇಂಥದೊಂದು ಗಾಡಿಯನ್ನು ೨,೧೦,೦೦೦ ರೂಪಾಯಿಗೆ ಕೊಂಡೆವು. ಹದಿಮೂರು ವರ್ಷ ತುಂಬಿದ ಗಾಡಿ. ಹೊರಗೆ ಹೊಳಪು, ಒಳಗೆ ಸದ್ದಿಲ್ಲ, ಕೊಟ್ಟವರೂ ಒಳ್ಳೆಯವರೇ. ಮಾಘ ಕಳೆಯುವ ಹೊತ್ತಿಗೆ ರೇಡಿಯೇಟರಿನ ಕೆಳಗಿನ ರಬ್ಬರಿನ ಪೈಪು ಹನಿಯತೊಡಗಿತು. ನಾವು ಪ್ರತಿದಿನ ಬೆಳಿಗ್ಗೆ ಒಂದು ಚೊಂಬು ಬೋರಿನ ನೀರು ಹೊಯ್ದು ಓಡಿಸಿದೆವು. ಒಂದು ತಿಂಗಳು ಹೀಗೆಯೇ ನಡೆಯಿತು. ಬೀಜದ ಹಣ ಇನ್ನೂ ಕೈಗೆ ಬಂದಿರಲಿಲ್ಲ. ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಮಾಡಿಸೋಣ ಎಂಬುದು ನಮ್ಮ ಲೆಕ್ಕ.

ಚೈತ್ರದ ಒಂದು ರಾತ್ರಿ ತಮ್ಮನ ಹೆಂಡತಿಗೆ ಹೆರಿಗೆಯ ನೋವು ಬಂದಿತು. ರಾಯಚೂರಿನ ದಾರಿ ಹಿಡಿದೆವು. ನಂದಿನ್ನೆ ದಾಟುವ ಹೊತ್ತಿಗೆ ಕಾವಿನ ಮುಳ್ಳು ಕೆಂಪಿನಲ್ಲಿ ನಿಂತಿತ್ತು. ಅವಸರದಲ್ಲಿ ನಾವು ಅದನ್ನು ಲೆಕ್ಕಿಸದೆ ಇನ್ನೂ ಮೂರು ಮೈಲಿ ಓಡಿಸಿದೆವು. ಆಮೇಲೆ ಇಂಜಿನ್ನು ತಾನೇ ನಿಂತುಬಿಟ್ಟಿತು. ಕತ್ತಲಲ್ಲಿ ಮುಕ್ಕಾಲು ಗಂಟೆ ಕಾದೆವು. ಮೆಣಸಿನಕಾಯಿ ಇಳಿಸಿ ಬರಿದಾಗಿ ಹೋಗುತ್ತಿದ್ದ ಒಂದು ಗೂಡ್ಸ್ ಆಟೋದವನು ನಿಲ್ಲಿಸಿ, ಗೋಣಿತಾಟು ಹಾಸಿ, ಆಕೆಯನ್ನು ಕರೆದೊಯ್ದ. ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ; ಕೂಸಿಗೆ ಈಗ ಶಾಲೆಗೆ ಹೋಗುವ ವಯಸ್ಸು. ಆದರೆ ಆ ಮುಕ್ಕಾಲು ಗಂಟೆಯನ್ನು ನಮ್ಮ ಮನೆಯವರು ಯಾರೂ ಮರೆತಿಲ್ಲ.

ಮರುದಿನ ಗಾಡಿಯನ್ನು ಎಳೆಸಿಕೊಂಡು ಹೋದಾಗ ಮಿಸ್ತ್ರಿ ಪೈಪನ್ನು ಬಿಚ್ಚಿ ನಮ್ಮ ಕೈಗೆ ಕೊಟ್ಟು ಹೇಳಿದ: “ಅಣ್ಣಾರ, ಇದು ಮುನ್ನೂರು ರೂಪಾಯಿದು. ನೀವು ಬರೋದು ಒಂದು ತಿಂಗಳು ತಡಾ ಆತು.” ಹೆಡ್ಡು ಸೊಟ್ಟಗಾಗಿತ್ತು, ಗ್ಯಾಸ್ಕೆಟ್ಟು ಸುಟ್ಟಿತ್ತು, ನೀರು ಎಣ್ಣೆಗೆ ಇಳಿದು ಬೇರಿಂಗುಗಳನ್ನು ತಿಂದಿತ್ತು. ಎಲ್ಲ ಸೇರಿ ೬೮,೦೦೦ ರೂಪಾಯಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂದು ಹಿರಿಯರು ಹೇಳಿದ್ದು ಇಂಥ ನಮ್ಮನ್ನು ನೋಡಿಯೇ ಇರಬೇಕು.

ಅಂದಿನಿಂದ ನಾವು ಕಣ್ಣಾರೆ ಕಂಡು, ಮಿಸ್ತ್ರಿಗಳ ಬಾಯಿಂದ ಕೇಳಿ ಕಲಿತದ್ದನ್ನು ಕೆಳಗೆ ಬರೆಯುತ್ತೇವೆ. ಇಲ್ಲಿ ಕೊಟ್ಟ ಖರ್ಚು ಅಂದಾಜಿನದು. ಗಾಡಿಯ ಮಾದರಿ, ಸಾಮಾನಿನ ಗುಣ, ಊರು ಇವನ್ನು ಅನುಸರಿಸಿ ಹೆಚ್ಚು ಕಡಿಮೆಯಾಗುತ್ತದೆ.

ನೀರು ಮತ್ತು ಕಾವು

ಹಳೆಯ ಗಾಡಿಗೆ ನಮ್ಮ ಸೀಮೆಯ ಮೊದಲ ಶತ್ರು ಕಾವು. ನಮ್ಮ ಬೋರಿನ ನೀರು ಬಹುಕಡೆ ಗಡಸು. ಅದನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಮನೆಯ ಹೆಣ್ಣುಮಕ್ಕಳು ದಿನಾಲೂ ನೋಡುತ್ತಾರೆ. ಅದೇ ಹಕ್ಕಳೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿಯೂ ಕಟ್ಟುತ್ತದೆ. ನೀರಿನ ಓಟ ನಿಲ್ಲುತ್ತದೆ. ಹೊರಗಡೆಯಿಂದ ಹತ್ತಿಯ ಎಳೆ, ಹೊಟ್ಟು, ಎರೆಯ ಧೂಳು ಸೇರಿ ಗಾಳಿಯ ದಾರಿಯನ್ನೂ ಮುಚ್ಚುತ್ತವೆ. ಆದುದರಿಂದ ಬೋರಿನ ನೀರು ಹಾಕಕೂಡದು. ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿನಲ್ಲಿ ಕೂಲೆಂಟ್ ಬೆರೆಸಿ ಹಾಕಬೇಕು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇದರ ಖರ್ಚು ಸಾವಿರ, ಒಂದೂವರೆ ಸಾವಿರ ರೂಪಾಯಿ. ಸುಗ್ಗಿಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ ರೇಡಿಯೇಟರಿನ ಮುಖವನ್ನು ಮೆಲ್ಲನೆ ತೊಳೆಯಬೇಕು. ಇದಕ್ಕೆ ಖರ್ಚೇ ಇಲ್ಲ.

ಕೆಲವು ಮಿಸ್ತ್ರಿಗಳು ನಮ್ಮದು ಬಿಸಿಲಿನ ನಾಡು ಎಂದು ಥರ್ಮೋಸ್ಟ್ಯಾಟನ್ನೇ ಕಿತ್ತು ಬಿಸಾಡುತ್ತಾರೆ. ಇದು ತಪ್ಪು. ಇಂಜಿನ್ನು ಹದವಾದ ಕಾವಿಗೆ ಬರದಿದ್ದರೆ ಡೀಸೆಲ್ಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ರೋಗದ ಮೂಲ ಬೇರೆ ಕಡೆ ಇರುವಾಗ ಇದು ಜ್ವರದ ಕೋಲನ್ನು ಒಡೆದುಹಾಕಿದಂತೆ. ರೇಡಿಯೇಟರು ತೆಗೆದು ಶುದ್ಧಿ ಮಾಡಿಸಲು ಒಂದೆರಡು ಸಾವಿರ, ಒಳಗಿನ ಜಾಲರಿ ಬದಲಿಸಲು ಐದರಿಂದ ಎಂಟು ಸಾವಿರ ಆಗಬಹುದು. ಅದನ್ನು ಬಿಟ್ಟರೆ ಹೆಡ್ ಗ್ಯಾಸ್ಕೆಟ್ಟಿನ ಕೆಲಸ ಹತ್ತರಿಂದ ಹದಿನೈದು ಸಾವಿರ. ಅದನ್ನೂ ಬಿಟ್ಟರೆ ಪೂರ್ಣ ಇಂಜಿನ್ನು ಬಿಚ್ಚುವ ಕೆಲಸ. ಅದಕ್ಕೆ ಅರವತ್ತು ಸಾವಿರದಿಂದ ಒಂದು ಲಕ್ಷ, ಕೆಲವು ಮಾದರಿಗಳಿಗೆ ಅದಕ್ಕೂ ಮೇಲೆ.

ಮುಳ್ಳು ಕೆಂಪಿಗೆ ಹೋದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿರಿ. ಬಿಸಿಯಾದ ಮುಚ್ಚಳ ತೆಗೆಯಬೇಡಿರಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ಯಬೇಡಿರಿ, ಹೆಡ್ಡು ಸೀಳುತ್ತದೆ. ಅರ್ಧ ಗಂಟೆ ಕಾಯುವುದಕ್ಕಿಂತ ಅಗ್ಗದ ದುರಸ್ತಿ ಇನ್ನೊಂದಿಲ್ಲ.

ಎಣ್ಣೆ ಮತ್ತು ಡೀಸೆಲ್ಲು

ಎಂಜಿನ್ ಎಣ್ಣೆ ಗಾಡಿಯ ನೆತ್ತರು. ವಾರಕ್ಕೊಮ್ಮೆ ಸಮನಾದ ನೆಲದ ಮೇಲೆ ನಿಲ್ಲಿಸಿ ಕಡ್ಡಿ ಎಳೆದು ಮಟ್ಟ ನೋಡುವುದು ಮನೆಯ ಹುಡುಗರಿಗೂ ಬರಬೇಕು. ಎಣ್ಣೆಯ ಮುಚ್ಚಳದ ಒಳಗಡೆ ಹಾಲಿನ ಕೆನೆಯಂಥ ಬಿಳುಪು ಕಂಡರೆ ನೀರು ಸೇರಿದೆ ಎಂದು ತಿಳಿಯಬೇಕು. ಓಡುತ್ತಿರುವ ಇಂಜಿನ್ನಿನ ಎಣ್ಣೆ ಮುಚ್ಚಳ ತೆಗೆದಾಗ ಒಲೆಯಂತೆ ಹೊಗೆ ನುಗ್ಗಿ ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಎಡೆಬಿಡದೆ ಬಿಳಿ ಹೊಗೆ ಬಂದರೆ ನೀರೋ ಸುಡದ ಡೀಸೆಲ್ಲೋ ಹೋಗುತ್ತಿದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ಲು ಹೆಚ್ಚು. ಕೊಳ್ಳುವ ದಿನವೇ ಇದನ್ನು ನೋಡಿದವನು ಒಂದು ಲಕ್ಷ ಉಳಿಸಿಕೊಂಡಂತೆ. ಗಾಡಿಯನ್ನು ಬೆಳಗಿನ ಜಾವ, ಇಂಜಿನ್ನು ತಣ್ಣಗಿರುವಾಗ ನೋಡಲು ಹೋಗಬೇಕು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಸಂಶಯಪಡಿರಿ.

ಡೀಸೆಲ್ಲಿನ ವಿಷಯದಲ್ಲಿ ಎರಡು ಬಗೆಯ ಗಾಡಿಗಳಿವೆ. ಹಳೆಯ ಸುಮೋ, ಕ್ವಾಲಿಸ್, ಮೊದಮೊದಲ ಬೊಲೆರೊಗಳಲ್ಲಿ ಯಾಂತ್ರಿಕ ಪಂಪು ಇರುತ್ತದೆ. ಅದು ಒರಟು, ಸಹನೆಯುಳ್ಳದ್ದು. ಜಿಲ್ಲೆಯ ಮಿಸ್ತ್ರಿಯೇ ಸರಿಮಾಡಬಲ್ಲ. ಪಂಪು ಹದ ಮಾಡಿಸಲು ಐದರಿಂದ ಹತ್ತು ಸಾವಿರ. ಇನ್ನೋವಾ, ಈಚಿನ ಸ್ಕಾರ್ಪಿಯೊ, ಈಚಿನ ಸಫಾರಿಗಳಲ್ಲಿ ಕಾಮನ್ ರೈಲ್ ಎಂಬ ಏರ್ಪಾಡು. ಅದರಲ್ಲಿ ಡೀಸೆಲ್ಲು ಸಾವಿರ ಬಾರ್‌ಗೂ ಮೇಲ್ಪಟ್ಟ ಒತ್ತಡದಲ್ಲಿ ಚಿಮ್ಮುತ್ತದೆ. ಓಟ ಚೆನ್ನು, ಹೊಗೆ ಕಡಿಮೆ. ಆದರೆ ಒಂದು ಹನಿ ನೀರು, ಒಂದು ಚಿಟಿಕೆ ಧೂಳು ಸಹಿಸುವುದಿಲ್ಲ. ಹೊಸ ಇಂಜೆಕ್ಟರು ಒಂದಕ್ಕೆ ಹತ್ತು ಸಾವಿರ ಮೀರುತ್ತದೆ, ಅಂಥವು ನಾಲ್ಕು. ಹೊಲದಲ್ಲಿ ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲ್ಲನ್ನು ಇದಕ್ಕೆ ಹೊಯ್ದವರು ನಮ್ಮಲ್ಲಿ ಅನೇಕರು. ಆಮೇಲೆ ಕಂಪನಿಯನ್ನು ಬೈದವರೂ ಅವರೇ. ಫಿಲ್ಟರಿನ ತಳದಲ್ಲಿರುವ ತಿರುಪನ್ನು ಬಿಚ್ಚಿ ನೀರು ಇಳಿಸುವುದನ್ನು ಕಲಿಯಿರಿ. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಿರಿ.

ಟರ್ಬೊ ಇರುವ ಗಾಡಿಯನ್ನು ದೂರದಿಂದ ಓಡಿಸಿಕೊಂಡು ಬಂದು ಕೂಡಲೇ ಬಂದು ಮಾಡಬಾರದು. ಒಂದು ನಿಮಿಷ ಸುಮ್ಮನೆ ಓಡಲಿ. ಇಷ್ಟು ತಾಳ್ಮೆ ಇಲ್ಲದವನು ಟರ್ಬೊ ದುರಸ್ತಿಗೆ ಹತ್ತು ಹದಿನೈದು ಸಾವಿರ ತೆಗೆದಿಡಬೇಕಾಗುತ್ತದೆ.

ಟೈಮಿಂಗ್ ಬೆಲ್ಟಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕ್ವಾಲಿಸ್, ಇನ್ನೋವಾದಂಥ ಗಾಡಿಗಳ ಡೀಸೆಲ್ ಇಂಜಿನ್ನಿನಲ್ಲಿ ಹಲ್ಲಿನ ಪಟ್ಟಿ ಇರುತ್ತದೆ. ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಅದನ್ನು ಬದಲಿಸಲೇಬೇಕು. ಹಿಂದಿನ ಯಜಮಾನ ಬದಲಿಸಿದ ಚೀಟಿ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಓಡುವಾಗ ಪಟ್ಟಿ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಕೆಲವು ಸಾವಿರದ ಕೆಲಸ ಲಕ್ಷದ ಹತ್ತಿರ ಹೋಗುತ್ತದೆ.

ಬ್ರೇಕು, ಸ್ಟಿಯರಿಂಗು, ಚಾಸಿ

ಇಂಜಿನ್ನು ಕೆಟ್ಟರೆ ರೊಕ್ಕ ಹೋದೀತು. ಬ್ರೇಕು ಕೆಟ್ಟರೆ ಜೀವ ಹೋದೀತು. ಡೀಸೆಲ್ ಗಾಡಿಯಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು ಅನೇಕ ಮಾದರಿಗಳಲ್ಲಿ ಆಲ್ಟರ್ನೇಟರಿನ ಹಿಂಬದಿಗೆ ಅಂಟಿಕೊಂಡಿರುತ್ತದೆ. ಅದು ಸೋತರೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಪೆಡಲು ಮೆತ್ತಗಾಗಿ ನೆಲ ಮುಟ್ಟಿದರೆ ಎಣ್ಣೆ ಸೋರುತ್ತಿದೆ ಇಲ್ಲವೆ ಗಾಳಿ ಸೇರಿದೆ; ಹಿಂದಿನ ಗಾಲಿಯ ಒಳಮೈಯಲ್ಲಿ ಒದ್ದೆ ಇದೆಯೇ ಎಂದು ನೋಡಿರಿ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು; ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಾಲ್ಕೂ ಗಾಲಿಯ ಬ್ರೇಕಿನ ಕೆಲಸಕ್ಕೆ ಐದಾರು ಸಾವಿರ ಆದೀತು. ಈ ರೊಕ್ಕದಲ್ಲಿ ಚೌಕಾಸಿ ಮಾಡುವುದು ಪಾಪ.

ನಮ್ಮ ಹೊಲದ ದಾರಿಗಳು ಬಾಲ್ ಜಾಯಿಂಟು, ಟೈ ರಾಡಿನ ತುದಿ, ಕಮಾನುಪಟ್ಟಿಯ ಬುಷ್ಷುಗಳನ್ನು ಬೇಗನೆ ತಿನ್ನುತ್ತವೆ. ಸ್ಟಿಯರಿಂಗು ನಡುಗಿದರೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಟೈರು ಒಂದೇ ಅಂಚಿನಲ್ಲಿ ಸವೆದರೆ ಇವನ್ನು ಶಂಕಿಸಬೇಕು. ಮುಂಭಾಗದ ಈ ಕೆಲಸ ಎಂಟು ಹತ್ತು ಸಾವಿರದಲ್ಲಿ ಮುಗಿಯುತ್ತದೆ. ಮಾಡಿಸದಿದ್ದರೆ ಒಂದಕ್ಕೆ ಆರು ಏಳು ಸಾವಿರದ ಟೈರುಗಳು ವರ್ಷದೊಳಗೆ ಹಾಳಾಗುತ್ತವೆ. ಕ್ಲಚ್ಚು ಜಾರಿದರೆ ಆರರಿಂದ ಹನ್ನೆರಡು ಸಾವಿರ.

ಎಲ್ಲಕ್ಕೂ ಕೊನೆಯದಾಗಿ, ಎಲ್ಲಕ್ಕೂ ಮುಖ್ಯವಾಗಿ ಚಾಸಿ. ನೆಲದ ಮೇಲೆ ಗೋಣಿ ಹಾಸಿ, ಬೆನ್ನ ಮೇಲೆ ಮಲಗಿ, ಬ್ಯಾಟರಿ ಹಿಡಿದು ನೋಡಿರಿ. ತುಕ್ಕು ಪುಡಿಯಾಗಿದ್ದರೆ ಚಿಂತೆಯಿಲ್ಲ. ಪದರ ಪದರವಾಗಿ ಎದ್ದಿದ್ದರೆ, ಸ್ಕ್ರೂಡ್ರೈವರಿನ ತುದಿ ಒಳಗೆ ಇಳಿದರೆ, ಕಮಾನು ಕೂಡುವ ಜಾಗದಲ್ಲಿ ಬೆಸುಗೆಯ ಗುರುತು ಕಂಡರೆ, ಎಷ್ಟೇ ಅಗ್ಗವಾದರೂ ಆ ಗಾಡಿ ಬೇಡ. ಇಂಜಿನ್ನು ಹೊಸದು ಹಾಕಬಹುದು. ಬೆನ್ನೆಲುಬು ಹೊಸದು ಹಾಕಲಾಗದು.

ಈ ಬೆನ್ನೆಲುಬನ್ನು ನಾವೇ ಮುರಿಯುತ್ತಿದ್ದೇವೆ ಎಂಬುದನ್ನೂ ಒಪ್ಪಬೇಕು. ಒಂಬತ್ತು ಜನರ ಗಾಡಿಯಲ್ಲಿ ಕ್ರಾಸಿಂಗ್ ಕಾಲದಲ್ಲಿ ಹದಿನೆಂಟು ಇಪ್ಪತ್ತು ಆಳುಗಳು ಕುಳಿತದ್ದನ್ನು ನಾವು ಬಲ್ಲೆವು. ಗೊಬ್ಬರದ ಚೀಲ ಮೇಲೆ, ಆಳುಗಳು ಒಳಗೆ. ಕಮಾನು ಮುರಿಯುವುದು, ಬ್ರೇಕು ನಿಲ್ಲದಿರುವುದು, ಕ್ಲಚ್ಚು ಸುಡುವುದು ಎಲ್ಲಕ್ಕೂ ಇದೇ ಮೂಲ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ಆಸನಗಳ ಲೆಕ್ಕ. ಕೂಲಿಗೆ ಬಂದ ತಾಯಂದಿರ ಜೀವ ನಮ್ಮ ಬೀಜಕ್ಕಿಂತ ಅಗ್ಗವಲ್ಲ.

ಗಡಿಯವರ ಕಾಗದ ಪತ್ರ

ನಾವು ಗಡಿಯವರಾದ್ದರಿಂದ ನಮಗೊಂದು ಹೆಚ್ಚಿನ ತೊಡಕು. ರಾಯಚೂರಿನಲ್ಲಿ ಕೆಎ ೩೬, ಕರ್ನೂಲಿನಲ್ಲಿ ಎಪಿ ೨೧ ಎಂದು ನಂಬರಿರುವ ಗಾಡಿಗಳು ಒಂದಿಷ್ಟು ಅಗ್ಗವಾಗಿ ಸಿಗುತ್ತವೆ. ಜನ ಕೊಂಡು ತಂದು ಹಾಗೆಯೇ ಓಡಿಸುತ್ತಾರೆ. ಮೋಟಾರು ವಾಹನ ಕಾಯಿದೆ, ೧೯೮೮ರ ೪೭ನೆಯ ವಿಧಿಯಂತೆ, ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರು ಪಡೆಯಬೇಕು. ಅದಕ್ಕೆ ಹಳೆಯ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ಇಲ್ಲಿಯ ತೆರಿಗೆ ಕಟ್ಟಬೇಕು. ಕೊಂಡವನು ಮೂವತ್ತು ದಿನಗಳೊಳಗೆ ಒಡೆತನದ ಬದಲಾವಣೆಗೆ ಅರ್ಜಿ ಕೊಡಬೇಕು. ಗಾಡಿಯ ಮೇಲೆ ಹಿಂದಿನವರ ಸಾಲದ ನಮೂದು ಉಳಿದಿದ್ದರೆ ಅದು ತೀರುವ ತನಕ ಮುಂಗಡವನ್ನೂ ಕೊಡಬೇಡಿರಿ.

ಹದಿನೈದು ವರ್ಷವಾದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೨೨ರ ಏಪ್ರಿಲ್ ಒಂದರಿಂದ ಇಂಥ ಗಾಡಿಯ ನವೀಕರಣ ಶುಲ್ಕ ೫,೦೦೦ ರೂಪಾಯಿ. ೨೦೨೫ರ ಆಗಸ್ಟಿನ ಆಜ್ಞೆಯಂತೆ ಇಪ್ಪತ್ತು ವರ್ಷ ಮೀರಿದ ಗಾಡಿಗೆ ೧೦,೦೦೦ ರೂಪಾಯಿ. ಹಸಿರು ತೆರಿಗೆ ಇದರಿಂದ ಬೇರೆ. ಹದಿನಾಲ್ಕು ವರ್ಷದ ಗಾಡಿ ಅಗ್ಗವಾಗಿ ಕಂಡರೆ, ಮುಂದಿನ ವರ್ಷದ ಈ ಖರ್ಚನ್ನು ಮಾರುವವನು ನಿಮ್ಮ ಹೆಗಲಿಗೆ ದಾಟಿಸುತ್ತಿದ್ದಾನೆ ಎಂದು ತಿಳಿದು ಬೆಲೆ ಇಳಿಸಿರಿ.

ಮಿಸ್ತ್ರಿ ಮತ್ತು ಯಜಮಾನ

ಮಿಸ್ತ್ರಿಗಳೆಲ್ಲ ಮೋಸಗಾರರೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಹೆಚ್ಚಿನವರು ಎಣ್ಣೆಯಲ್ಲಿ ಮುಳುಗಿ ದುಡಿಯುವ ಬಡವರು. ಆದರೆ ಒಮ್ಮೆ ನಮಗೆ ಒಂದು ಕಡೆ ಪೂರ್ಣ ಇಂಜಿನ್ನು ಬಿಚ್ಚಬೇಕೆಂದು ಹೇಳಿದ್ದು, ಇನ್ನೊಂದು ಕಡೆ ಡೀಸೆಲ್ ಪೈಪಿನ ಒಂದು ಸಣ್ಣ ವಾಷರಿನಲ್ಲಿ ಮುಗಿಯಿತು. ಆದ್ದರಿಂದ ದೊಡ್ಡ ಕೆಲಸ ಹೇಳಿದಾಗ ಇನ್ನೊಬ್ಬರನ್ನು ಕೇಳುವುದು ಅವಮಾನವಲ್ಲ. ಖರ್ಚಿನ ಅಂದಾಜನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ನಕಲಿ ಸಾಮಾನು ಬೇಡ. ಅದರಲ್ಲಿಯೂ ಬ್ರೇಕು, ಸ್ಟಿಯರಿಂಗಿನ ಸಾಮಾನನ್ನು ಬಿಲ್ಲಿಲ್ಲದೆ ಕೊಳ್ಳಬೇಡಿರಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ಮೋಟಾರಿನ ಎಲ್ಲ ಬಿಡಿಭಾಗಗಳ ಮೇಲೆ ಜಿಎಸ್‌ಟಿ ಶೇಕಡಾ ೧೮ಕ್ಕೆ ಬಂದಿದೆ. ಅದಕ್ಕೆ ಮೊದಲು ಅನೇಕ ಭಾಗಗಳಿಗೆ ಶೇಕಡಾ ೨೮ ಇತ್ತು. ಬಿಲ್ಲು ಕೇಳಿದವನಿಗೆ ಮಾತ್ರ ಈ ಇಳಿಕೆ ದಕ್ಕುತ್ತದೆ.

ಕೊನೆಗೆ ಲೆಕ್ಕ

ಈಗ ವರ್ಷದ ಲೆಕ್ಕ ಹಾಕೋಣ. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರು ಓಟ ಎಂದು ಹಿಡಿಯಿರಿ. ಎಣ್ಣೆ, ಫಿಲ್ಟರು ಎರಡು ಸಲಕ್ಕೆ ೮,೦೦೦. ಟೈರಿನ ಸವಕಳಿ ೬,೦೦೦. ಬ್ಯಾಟರಿಯ ಪಾಲು ೨,೫೦೦. ಬ್ರೇಕು, ಬುಷ್ಷು, ಬೆಲ್ಟು ಮುಂತಾದ ಚಿಲ್ಲರೆ ದುರಸ್ತಿ ೧೦,೦೦೦. ಮೂರನೆಯವರ ಹೊಣೆಯ ವಿಮೆ, ೧,೫೦೦ ಸಿ.ಸಿ. ಮೀರಿದ ಗಾಡಿಗೆ ೨೦೨೨ರಲ್ಲಿ ಗೊತ್ತುಮಾಡಿದ ದರದಂತೆ ೭,೮೯೭ ರೂಪಾಯಿ. ತೆರಿಗೆ ಕೂಡಿ ೯,೦೦೦ದ ಮೇಲೆ. ಇಲ್ಲಿಗೆ ಮೂವತ್ತೈದು ಸಾವಿರ ದಾಟಿತು. ಐದಾರು ವರ್ಷಕ್ಕೊಮ್ಮೆ ಬರುವ ದೊಡ್ಡ ದುರಸ್ತಿಗೆಂದು ವರ್ಷಕ್ಕೆ ೧೫,೦೦೦ ಎತ್ತಿಡಬೇಕು. ಒಟ್ಟು ಐವತ್ತು ಸಾವಿರದ ಮೇಲಾಯಿತು. ಡೀಸೆಲ್ಲು ಇದರಲ್ಲಿ ಸೇರಿಲ್ಲ. ಲೀಟರಿಗೆ ಹನ್ನೆರಡು ಕಿಲೋಮೀಟರು ಕೊಟ್ಟರೆ ಸಾವಿರ ಲೀಟರು ಬೇಕು. ಲೀಟರಿಗೆ ೯೫ ರೂಪಾಯಿ ಹಿಡಿದರೂ ತೊಂಬತ್ತೈದು ಸಾವಿರ.

ಎರಡು ಲಕ್ಷಕ್ಕೆ ಕೊಂಡ ಗಾಡಿ ನಾಲ್ಕು ವರ್ಷದಲ್ಲಿ ತನ್ನ ಬೆಲೆಯಷ್ಟನ್ನು ಮತ್ತೊಮ್ಮೆ ತಿನ್ನುತ್ತದೆ ಎಂದಾಯಿತು. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಗಾಡಿಯ ಬೆಲೆಯ ಕಾಲು ಭಾಗವನ್ನು ವರ್ಷ ವರ್ಷವೂ ದುರಸ್ತಿಗೆಂದು ಎತ್ತಿಡಲಾಗದವನು ಹಳೆಯ ದೊಡ್ಡ ಗಾಡಿ ಕೊಳ್ಳಬಾರದು. ಕೈಯಲ್ಲಿ ಎರಡು ಲಕ್ಷ ಇದ್ದರೆ ಒಂದೂವರೆ ಲಕ್ಷದ ಗಾಡಿ ನೋಡಬೇಕು; ಉಳಿದ ಐವತ್ತು ಸಾವಿರವನ್ನು ಮೊದಲ ತಿಂಗಳಲ್ಲಿಯೇ ನೀರು, ಎಣ್ಣೆ, ಬೆಲ್ಟು, ಬ್ರೇಕು, ಟೈರುಗಳಿಗೆ ಹಾಕಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಬೇಸಾಯದ ರೀತಿಯೇ ಕಾರಣ. ಬೀಜದ ಹೊಲದವನಿಗೆ ಆರ್ಗನೈಸರಿನಿಂದ ಮುಂಗಡ ಮೊದಲು ಬರುತ್ತದೆ. ಪೂರ್ಣ ಹಣ ಮೊಳಕೆ, ತಳಿಶುದ್ಧಿಗಳ ಪರೀಕ್ಷೆ ಮುಗಿದ ಮೇಲೆ, ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಬೀಜ ಪರೀಕ್ಷೆಯಲ್ಲಿ ಬಿದ್ದರೆ ಬರುವುದೂ ಇಲ್ಲ. ಆ ಮುಂಗಡ ಗೊಬ್ಬರದ್ದು, ಕೂಲಿಯದ್ದು. ಅದರಲ್ಲಿ ಗಾಡಿ ಕೊಂಡವನು ಸಾಲದ ಮೇಲೆ ಕುಳಿತು ಸವಾರಿ ಮಾಡಿದಂತೆ. ರೊಕ್ಕ ವರ್ಷಕ್ಕೊಮ್ಮೆ ಬರುತ್ತದೆ; ಗಾಡಿ ಯಾವ ತಿಂಗಳಲ್ಲಿ ಕೆಡುವುದೋ ಹೇಳಲಾಗದು. ನಡುವಿನ ಆ ತಿಂಗಳುಗಳಲ್ಲಿಯೇ ಪೈಪು ಹನಿಯುತ್ತದೆ, ನಾವು ಚೊಂಬು ನೀರು ಹೊಯ್ಯುತ್ತೇವೆ.

ಹಾಗಾದರೆ ಕಂತಿನಲ್ಲಿ ಹೊಸದನ್ನೇ ತರಬಾರದೇ ಎಂದು ಕೆಲವರು ಕೇಳುತ್ತಾರೆ. ಹತ್ತು ಲಕ್ಷ ಸಾಲಕ್ಕೆ ಐದು ವರ್ಷ ತಿಂಗಳಿಗೆ ಇಪ್ಪತ್ತು ಸಾವಿರ ಮೀರಿದ ಕಂತು. ತಿಂಗಳ ಸಂಬಳದವನಿಗೆ ಅದು ಸರಿಹೋದೀತು. ಸುಗ್ಗಿಯ ಸಂಬಳದವನಿಗೆ ಕೊರಳಿನ ಕುಣಿಕೆ. ಅದರ ಬದಲು ಅಣ್ಣತಮ್ಮಂದಿರೋ ಭಾವಮೈದುನರೋ ಇಬ್ಬರು ಮೂವರು ಕೂಡಿ ಒಂದು ಒಳ್ಳೆಯ ಹಳೆಯ ಗಾಡಿ ಇಟ್ಟುಕೊಳ್ಳಲಿ. ಒಂದು ನೋಟುಪುಸ್ತಕ ಗಾಡಿಯಲ್ಲಿಯೇ ಇರಲಿ. ಓಟ, ಎಣ್ಣೆ, ದುರಸ್ತಿ, ಯಾರು ಎಷ್ಟು ಕೊಟ್ಟರು ಎಂಬುದೆಲ್ಲ ಅದರಲ್ಲಿ ಬರೆಯಲಿ. ಲೆಕ್ಕ ಇದ್ದ ಕಡೆ ಜಗಳ ಕಡಿಮೆ.

ಬಿಡುವ ಹೊತ್ತನ್ನೂ ತಿಳಿದಿರಬೇಕು. ಒಂದೇ ದುರಸ್ತಿ ಗಾಡಿಯ ಬೆಲೆಯ ಅರ್ಧ ದಾಟಿದರೆ, ಚಾಸಿ ಸೀಳಿದರೆ, ಸಾಮಾನು ಸಿಗದಾದರೆ ಮೋಹ ಬಿಡಿರಿ. ಗುಜರಿಯವನಿಗೆ ಸುಮ್ಮನೆ ಕೊಟ್ಟು ಬರಬೇಡಿರಿ. ಗಾಡಿ ಹೋದರೂ ಕಾಗದದಲ್ಲಿ ನಿಮ್ಮ ಹೆಸರೇ ಉಳಿಯುತ್ತದೆ. ೨೦೨೧ರ ನಿಯಮಗಳಂತೆ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಠೇವಣಿ ಪ್ರಮಾಣಪತ್ರ ಪಡೆದು, ನೋಂದಣಿಯನ್ನು ರದ್ದು ಮಾಡಿಸಿರಿ.

ನಮ್ಮ ಗಾಡಿ ಇಂದಿಗೂ ಓಡುತ್ತಿದೆ. ಅಮಾವಾಸ್ಯೆಗೊಮ್ಮೆ ಎತ್ತಿನ ಮೈ ತೊಳೆಯುವಂತೆ ಅದರ ಬಾನೆಟ್ಟು ಎತ್ತಿ ನೀರು, ಎಣ್ಣೆ, ಪೈಪು, ಬೆಲ್ಟು ನೋಡುತ್ತೇವೆ. ಅದಕ್ಕೆ ಅರ್ಧ ಗಂಟೆ ಸಾಕು. ಮಿಸ್ತ್ರಿ ಕೈಗೆ ಕೊಟ್ಟ ಆ ಹಳೆಯ ಪೈಪು ನಮ್ಮ ಕೊಟ್ಟಿಗೆಯ ಗೂಟಕ್ಕೆ ಇನ್ನೂ ತೂಗಾಡುತ್ತಿದೆ. ಹೊಸದಾಗಿ ಗಾಡಿ ಕೊಳ್ಳಹೊರಟ ನೆಂಟರು ಬಂದರೆ ಮೊದಲು ಅದನ್ನು ತೋರಿಸಿ, ಆಮೇಲೆ ಚಹಾ ಕೊಡುತ್ತೇವೆ.